ಮೂವತ್ತು ತಲೆ, ನಲವತ್ತೇಳು ಆಮೆ

ಕುಕ್ಕರಿನ ಗುಂಡಿ ಒತ್ತಿದ ಮೇಲೆ ಅನ್ನವಾಗುವುದಕ್ಕೆ ನಲವತ್ತೆಂಟು ನಿಮಿಷ ಬೇಕು. ಆ ನಲವತ್ತೆಂಟು ನಿಮಿಷ ತೊಮೊಯೆಯದು. ಬೆಳಿಗ್ಗೆ ಐದಕ್ಕೆ ಎದ್ದು, ತೀರಿಹೋದ ತಾಯಿಯ ಪಟದ ಮುಂದೆ ಒಂದು ಲೋಟ ತಣ್ಣೀರಿಟ್ಟು ಕೈಮುಗಿದು, ಅಡುಗೆಮನೆಯ ಸಣ್ಣ ದೀಪದ ಕೆಳಗೆ ಕೂತು, ಹಿಂದಿನ ಸಂಜೆ ಮಗಳು ಶಿಯೋರಿ ಬಿಡಿಸಿಟ್ಟ ಪ್ರಶ್ನೆಪತ್ರಿಕೆಯನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದಳು. ಸರಿ ಉತ್ತರಕ್ಕೆ ಒಂದು ದುಂಡು ಸುತ್ತು, ತಪ್ಪಿಗೆ ಒಂದು ಗೀಟು. ತಿದ್ದಿದ ಮೇಲೂ ಹೊತ್ತು ಉಳಿದರೆ ಅದೇ ಪತ್ರಿಕೆಯ ಒಂದು ಲೆಕ್ಕವನ್ನು ತಾನೂ ಮಾಡಿ ನೋಡುತ್ತಿದ್ದಳು. ಜ್ವರ ಬಂದ ದಿನವೂ ಇದನ್ನು ತಪ್ಪಿಸಿದವಳಲ್ಲ.

ಅವಳು ದೊಡ್ಡ ಓದು ಓದಿದವಳೇನೂ ಅಲ್ಲ. ಉತ್ತರದ ಒಂದು ಮೀನುಗಾರರ ಊರಿನಿಂದ ಹದಿನೆಂಟನೇ ವಯಸ್ಸಿಗೆ ಕವಾಸಾಕಿಗೆ ಕೆಲಸ ಹುಡುಕಿಕೊಂಡು ಬಂದವಳು. ಈಗ ಹನ್ನೊಂದು ವರ್ಷದಿಂದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ, ಇನ್ನೂ ನಾಲ್ವರು ಹೆಂಗಸರ ಜೊತೆ, ನಾನೂರು ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುತ್ತಾಳೆ. ಗಂಡ ಶುಹೇ ಊರಿನ ಬಸ್ಸು ಓಡಿಸುತ್ತಾನೆ. ಮಗಳು ಹುಟ್ಟಿದಂದಿನಿಂದ ಅವರಿಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದಿಲ್ಲ. ಅವನಿಗೆ ಅವಳು ಅಮ್ಮ, ಅವಳಿಗೆ ಅವನು ಅಪ್ಪ. ಇಬ್ಬರಲ್ಲಿ ಯಾರೂ ಖಾಸಗಿ ಶಾಲೆಯ ಗೇಟು ದಾಟಿದವರಲ್ಲ.

ಆಸೆ ಹುಟ್ಟಿದ್ದು ಶಿಯೋರಿಯಲ್ಲೇ. ಮೂರು ವರ್ಷದ ಹಿಂದೆ, ಮೂರನೇ ತರಗತಿಯಲ್ಲಿದ್ದಾಗ, ರೈಲಿನ ಕೊನೆಯ ನಿಲ್ದಾಣದ ಹತ್ತಿರ ಬೆಟ್ಟದ ಮೇಲಿರುವ ಹೆಣ್ಣುಮಕ್ಕಳ ಶಾಲೆಯ ವಾರ್ಷಿಕೋತ್ಸವಕ್ಕೆ ಮೂವರೂ ಸುಮ್ಮನೆ ಸುತ್ತಾಡಲು ಹೋಗಿದ್ದರು. ಅಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ತಾರಸಿಯ ಮೇಲೆ ದುರ್ಬೀನು ಹೂಡಿ, ಕಪ್ಪು ಗಾಜಿನ ಮೂಲಕ ಸೂರ್ಯನ ಮೇಲಿನ ಕಲೆಗಳನ್ನು ತೋರಿಸುತ್ತಿದ್ದಳು. ಶಿಯೋರಿ ಸಾಲಿನಲ್ಲಿ ಐದು ಸಲ ನಿಂತು ಐದು ಸಲ ನೋಡಿದಳು. ಬರುವಾಗ ರೈಲಿನಲ್ಲಿ, ನಾನು ಓದಿದರೆ ಇಲ್ಲೇ ಓದುವುದು ಎಂದಳು. ಅಂದಿನಿಂದ ಆ ಶಾಲೆಗೆ ಮನೆಯಲ್ಲಿ 'ಬೆಟ್ಟದ ಶಾಲೆ' ಎಂದೇ ಹೆಸರು.

ಬೆಟ್ಟದ ಶಾಲೆಗೆ ಸೇರಬೇಕೆಂದರೆ ಆರನೇ ತರಗತಿ ಮುಗಿಯುವ ಮುನ್ನ, ಫೆಬ್ರವರಿ ಒಂದಕ್ಕೆ, ಪರೀಕ್ಷೆ ಬರೆಯಬೇಕು. ಅದೇ ದಿನ ಆ ಸೀಮೆಯ ಸಾವಿರಾರು ಮಕ್ಕಳು ಹೀಗೆಯೇ ಬೇರೆ ಬೇರೆ ಶಾಲೆಗಳ ಗೇಟಿನಲ್ಲಿ ನಿಂತಿರುತ್ತಾರೆ. ಶಾಲೆಯ ಪಾಠ ಅದಕ್ಕೆ ಏನೇನೂ ಸಾಲದು. ಆದ್ದರಿಂದ ಮೂರು ವರ್ಷದ ಟ್ಯೂಷನ್. ಟ್ಯೂಷನ್ನಿನಲ್ಲಿ ಮಕ್ಕಳ ಕೆಲಸ ಬರೆಯುವುದು. ಮಿಕ್ಕ ಕೆಲಸವೆಲ್ಲ ಅಮ್ಮಂದಿರದು. ಹಳೆಯ ಪ್ರಶ್ನೆಪತ್ರಿಕೆಗಳ ಪುಸ್ತಕ ಕೊಂಡು, ಒಂದೊಂದು ಪುಟವನ್ನೂ ನಿಜವಾದ ಪತ್ರಿಕೆಯ ಅಳತೆಗೆ ದೊಡ್ಡದು ಮಾಡಿ ಜೆರಾಕ್ಸ್ ಮಾಡಿಸಬೇಕು. ಕೊನೆಯಲ್ಲಿರುವ ಉತ್ತರದ ಪುಟಗಳನ್ನು ಕತ್ತರಿಸಿ ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು. ತೊಮೊಯೆ ಅವನ್ನು ಬ್ಲೇಡಿನಿಂದ ಕತ್ತರಿಸಿ, ಒಂದೊಂದು ವರ್ಷಕ್ಕೆ ಒಂದೊಂದು ಲಕೋಟೆ ಮಾಡಿ, ಮೇಲೆ ವರ್ಷ ಬರೆದು, ಪಾತ್ರೆ ತೊಳೆಯುವ ಕಟ್ಟೆಯ ಕೆಳಗೆ ಅಕ್ಕಿ ಡಬ್ಬದ ಅಡಿಯಲ್ಲಿ ಇಟ್ಟಿದ್ದಳು. ಅಕ್ಕಿ ಡಬ್ಬ ಎತ್ತುವವಳು ಆ ಮನೆಯಲ್ಲಿ ಅವಳೊಬ್ಬಳೇ.

ನವೆಂಬರಿನಲ್ಲಿ ಮೊದಲ ಹಳೆಯ ಪತ್ರಿಕೆಗೆ ಐವತ್ತೆರಡು ಬಂತು. ಎಪ್ಪತ್ತು ಬಾರದೆ ಬೆಟ್ಟದ ಶಾಲೆಯಿಲ್ಲ ಎಂದು ಟ್ಯೂಷನ್ನಿನಲ್ಲಿ ಹೇಳಿದ್ದರು. ಅಂದು ತೊಮೊಯೆ ಬೈಯಲಿಲ್ಲ. ತಾನು ಬೈಯಲಿಲ್ಲವಲ್ಲ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡಳು ಕೂಡ. ಆಮೇಲಿನ ವಾರ ಅರವತ್ತೊಂಬತ್ತು ಬಂತು. ಡಿಸೆಂಬರಿನಲ್ಲಿ ಎಪ್ಪತ್ತೆಂಟು, ಎಂಬತ್ತೊಂದು. ಕೆಂಪು ಸುತ್ತುಗಳು ಪುಟದ ತುಂಬ ನೀರಗುಳ್ಳೆಯ ಹಾಗೆ ಎದ್ದವು. ಶುಹೇ ಡಿಪೋದಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ.

ತೊಮೊಯೆಗೆ ಮಾತ್ರ ಸಂತೋಷ ಬಂದಾಗಲೆಲ್ಲ ಅದರ ಬೆನ್ನಿಗೇ ಹೆದರಿಕೆ ಬರುತ್ತಿತ್ತು. ಜ್ವರ ಬಂದರೆ? ಅಂದು ರೈಲು ನಿಂತರೆ? ಜನವರಿ ಹುಟ್ಟಿದ ಮೇಲೆ ಆ ಮನೆಯಲ್ಲಿ ಹಸಿ ಮೀನು ತರುವುದು ನಿಂತಿತು. ಹೊರಗಿನಿಂದ ಬಂದವರು ಮೊಣಕೈವರೆಗೆ ಕೈ ತೊಳೆಯಬೇಕು. ಬೀಳುವುದು, ಜಾರುವುದು ಎನ್ನುವ ಮಾತುಗಳನ್ನು ಯಾರೂ ಬಾಯಿಗೆ ತರುವ ಹಾಗಿರಲಿಲ್ಲ. ಅಲ್ಲಿ ಫೇಲಾಗುವುದಕ್ಕೂ ಬೀಳುವುದೆಂದೇ ಹೆಸರು; ಪರೀಕ್ಷೆಯ ಮನೆಗಳಲ್ಲಿ ಇದು ನಡೆದು ಬಂದದ್ದು. ಒಂದು ಸಂಜೆ ಶುಹೇ ಟೋಪಿ ಕೊಡವುತ್ತ ಒಳಗೆ ಬಂದು, "ಹೊರಗೆ ಹಿಮ..." ಎಂದು ತಡವರಿಸಿ, "ಹಿಮ ಆಕಾಶದಿಂದ ಕೆಳಗೆ ದಯಮಾಡಿಸ್ತಾ ಇದೆ" ಎಂದ. ಶಿಯೋರಿ ಬಾಯಲ್ಲಿದ್ದ ಅನ್ನ ಚಿಮ್ಮುವ ಹಾಗೆ ನಕ್ಕಳು. ತೊಮೊಯೆ ನಗಲಿಲ್ಲ. ಎದ್ದುಹೋಗಿ ಮಗಳ ಹಣೆ ಮುಟ್ಟಿ ನೋಡಿದಳು.

ಜನವರಿ ಎಂಟಕ್ಕೆ ಟ್ಯೂಷನ್ನಿನ ಹಿರುಕಾವಾ ಮೇಷ್ಟ್ರು ಕರೆಸಿದರು. ಐವತ್ತು ದಾಟಿದ, ಸದಾ ಕೆಮ್ಮಿನ ಮಿಠಾಯಿ ಚೀಪುವ ತೆಳ್ಳನೆಯ ಮನುಷ್ಯ. ಮಕ್ಕಳ ಮೇಲೆ ಜೀವ ಇಟ್ಟುಕೊಂಡವರು. ಬೆಟ್ಟದ ಶಾಲೆ ಒಂದನೇ ತಾರೀಕು, ಎರಡನೇ ತಾರೀಕು, ನಾಲ್ಕನೇ ತಾರೀಕು, ಹೀಗೆ ಮೂರು ಸಲ ಪರೀಕ್ಷೆ ಇಡುತ್ತದೆ. ಎರಡನೇ ತಾರೀಕಿಗೆ ಹೊಳೆಯಾಚೆಯ ಒಂದು ಚಿಕ್ಕ ಶಾಲೆಯನ್ನೂ ಆಸರೆಗೆಂದು ಪಟ್ಟಿಯಲ್ಲಿ ಬರೆದುಕೊಂಡಿದ್ದರು. ಈ ಅಂಕಗಳನ್ನು ನೋಡಿದರೆ ಆ ಆಸರೆ ಬೇಕಿಲ್ಲ, ಮೂರು ದಿನವೂ ಬೆಟ್ಟದ ಶಾಲೆಗೇ ಬರೆಯಲಿ ಎಂದರು ಮೇಷ್ಟ್ರು. ತೊಮೊಯೆ ತಲೆಬಾಗಿಸಿ ಒಪ್ಪಿ ಬಂದಳು. ಹೊಳೆಯಾಚೆಯ ಶಾಲೆಯ ಹೆಸರಿನ ಮೇಲೆ ಮೇಷ್ಟ್ರು ಒಂದು ಗೆರೆ ಎಳೆದರು.

ಜನವರಿ ಹದಿನಾರರ ಬೆಳಿಗ್ಗೆ ಎಂದಿನಂತೆ ನೀರಿಟ್ಟಳು, ಕುಕ್ಕರಿನ ಗುಂಡಿ ಒತ್ತಿದಳು, ಡಬ್ಬ ಸರಿಸಿ ಲಕೋಟೆ ತೆಗೆದಳು. ನಾಲ್ಕು ವರ್ಷದ ಹಿಂದಿನ ಗಣಿತದ ಪತ್ರಿಕೆ. ಎಡಗೈಯ ಬೆರಳು ಲಕೋಟೆಯ ಉತ್ತರದ ಮೇಲೆ, ಬಲಗೈಯ ಪೆನ್ನು ಮಗಳ ಉತ್ತರದ ಮೇಲೆ. ಅಂಕಿಗೆ ಅಂಕಿ ಕೂಡಿದರೆ ಸುತ್ತು. ಎಂಬತ್ತನಾಲ್ಕು ಬಂತು. ಅನ್ನಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಒಂದು ಲೆಕ್ಕ ಮಾಡೋಣವೆಂದು ತನಗೆ ಚೆನ್ನಾಗಿ ಬರುವುದನ್ನೇ ಆರಿಸಿಕೊಂಡಳು. ಕೊಕ್ಕರೆ, ಆಮೆಯ ಲೆಕ್ಕ. ಅಲ್ಲಿನ ಮಕ್ಕಳಿಗೆ ಅಜ್ಜಂದಿರ ಕಾಲದಿಂದ ಹೇಳಿಕೊಡುವ ಲೆಕ್ಕ ಅದು: ಒಂದು ಕೊಳದಲ್ಲಿ ಕೊಕ್ಕರೆಗಳೂ ಆಮೆಗಳೂ ಇವೆ, ಒಟ್ಟು ತಲೆ ಮೂವತ್ತು, ಒಟ್ಟು ಕಾಲು ಎಂಬತ್ತಾರು, ಹಾಗಾದರೆ ಆಮೆಗಳು ಎಷ್ಟು?

ತೊಮೊಯೆ ಚೀಟಿಯ ಮೇಲೆ ಬರೆದಳು. ಎಲ್ಲವೂ ಕೊಕ್ಕರೆಯೇ ಎಂದುಕೊಂಡರೆ ಅರವತ್ತು ಕಾಲು. ಹೆಚ್ಚಿಗೆ ಇರುವುದು ಇಪ್ಪತ್ತಾರು. ಅರ್ಧ ಮಾಡಿದರೆ ಹದಿಮೂರು. ಹದಿಮೂರು ಆಮೆ.

ಶಿಯೋರಿಯ ಹಾಳೆಯಲ್ಲಿ ನಲವತ್ತೇಳು ಎಂದಿತ್ತು. ಅದರ ಸುತ್ತ ತೊಮೊಯೆಯೇ ಹಾಕಿದ ಕೆಂಪು ಸುತ್ತು ಇತ್ತು.

ತಾನು ತಪ್ಪಿರಬೇಕೆಂದು ಮತ್ತೊಮ್ಮೆ ಮಾಡಿದಳು. ಆಮೇಲೆ ಮಾಡುವ ಅಗತ್ಯವೇ ಇಲ್ಲವೆಂದು ಹೊಳೆಯಿತು. ಒಟ್ಟು ಇರುವುದೇ ಮೂವತ್ತು ತಲೆ; ಅದರಲ್ಲಿ ಆಮೆ ನಲವತ್ತೇಳು ಹೇಗಾದೀತು? ಲಕೋಟೆಯ ಪುಟ ತೆಗೆದು ನೋಡಿದಳು. ಅಲ್ಲೂ ನಲವತ್ತೇಳು. ಮುಂದಿನ ಲೆಕ್ಕ ನೋಡಿದಳು. ಪ್ರಶ್ನೆ ಕೇಳಿದ್ದು ಎಷ್ಟು ಲೀಟರ್ ಎಂದು, ಉತ್ತರ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಮಗಳೂ ಒಂಬತ್ತು, ಇಪ್ಪತ್ತು ಎಂದೇ ಬರೆದಿದ್ದಳು.

ಪಕ್ಕದ ಲಕೋಟೆ ತೆಗೆದಾಗ ಎಲ್ಲ ತಿಳಿಯಿತು. ಕತ್ತರಿಸುವಾಗ ಪುಟದ ತಲೆಯಲ್ಲಿದ್ದ ವರ್ಷದ ಸಾಲು ಬ್ಲೇಡಿಗೆ ಹೋಗಿತ್ತು. ಎರಡು ವರ್ಷದ ಉತ್ತರಗಳನ್ನು ತೊಮೊಯೆ ಅದಲುಬದಲಾಗಿ ಲಕೋಟೆಗೆ ಹಾಕಿದ್ದಳು. ತಪ್ಪು ಉತ್ತರಗಳ ಲಕೋಟೆಯನ್ನು ನೋಡಿಕೊಂಡು ಮಗಳು ಬರೆದಿದ್ದಳು. ಅದೇ ಲಕೋಟೆಯನ್ನು ನೋಡಿಕೊಂಡು ತಾಯಿ ತಿದ್ದಿದ್ದಳು.

ಕುಕ್ಕರು ಕೂಗಿತು. ಅವಳು ಏಳಲಿಲ್ಲ. ಪರೀಕ್ಷೆಗೆ ಉಳಿದಿದ್ದದ್ದು ಹದಿನಾರು ದಿನ. ಆಸರೆಯ ಶಾಲೆಯನ್ನು ತಾನೇ ಹೊಡೆದುಹಾಕಿಸಿ ಬಂದಿದ್ದಾಳೆ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಎರಡು ತಿಂಗಳಿನಿಂದ ಈ ಮಗು ಪ್ರತಿ ಬೆಳಿಗ್ಗೆ ಎದ್ದು ಬಂದು, ಎಷ್ಟು ಬಂತಮ್ಮ ಎಂದು ಕೇಳುತ್ತಿತ್ತು. ಕೇಳುವಾಗ ಅದರ ಹೊಟ್ಟೆಯೊಳಗೆ ಏನಾಗುತ್ತಿತ್ತು? ಎರಡು ತಿಂಗಳು ಇಂಥದನ್ನು ಒಬ್ಬಳೇ ಹೊತ್ತ ಮಗು ಮುಂದೆ ಏನು ಮಾಡಿಕೊಂಡೀತು? ದಿನಪತ್ರಿಕೆಯಲ್ಲಿ ಓದಿ ಮಡಿಚಿಟ್ಟಿದ್ದ ಸುದ್ದಿಗಳು ಒಂದೊಂದಾಗಿ ನೆನಪಿಗೆ ಬಂದವು.

ಶಿಯೋರಿ ಕಣ್ಣುಜ್ಜುತ್ತ ಬಂದು ಬಾಗಿಲಲ್ಲಿ ನಿಂತು ಅದನ್ನೇ ಕೇಳಿದಳು. ತೊಮೊಯೆ ಹಾಳೆಯನ್ನು ಮಗುಚಿ, ಇನ್ನೂ ಆಗಿಲ್ಲ, ಇವತ್ತು ತಡವಾಗಿ ಎದ್ದೆ ಎಂದಳು. ಆ ಸುಳ್ಳು ಬಾಯಿಂದ ಬಂದ ಸಲೀಸು ಕಂಡು ಅವಳಿಗೇ ಭಯವಾಯಿತು.

ಅಂದು ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ಹಂಡೆಯ ಸಾರಿಗೆ ಅವಳು ಎರಡು ಸಲ ಉಪ್ಪು ಹಾಕಿದಳು. ಪಕ್ಕದಲ್ಲಿದ್ದವಳು ಕೈ ಹಿಡಿದು ನಿಲ್ಲಿಸಿದಳು. ಮನೆಗೆ ಹೋಗುವ ದಾರಿಯಲ್ಲಿ ವಿದ್ಯೆಯ ದೇವರ ಗುಡಿಯಿದೆ. ಹೊಸ ವರ್ಷದ ದಿನ ಮರದ ಪುಟ್ಟ ಹಲಗೆಯ ಮೇಲೆ, ಶಿಯೋರಿ ಪಾಸಾಗಲಿ ಎಂದು ಬರೆದು ಅಲ್ಲಿ ಕಟ್ಟಿ ಬಂದಿದ್ದಳು. ಸೈಕಲ್ಲು ನಿಲ್ಲಿಸಿ ಒಳಗೆ ಹೋಗಿ, ಗಂಟೆಯ ಹಗ್ಗ ಹಿಡಿದು ನಿಂತಳು. ದೇವರು ಕೇಳಿಸಿಕೊಳ್ಳುತ್ತಾನೆ ಎನ್ನುವುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಅದಕ್ಕೇ, ಏನು ಕೇಳುವುದಕ್ಕೂ ಹೆದರಿಕೆಯಾಯಿತು. ಪಾಸು ಮಾಡು ಎಂದರೆ ಕದ್ದ ಅಂಕಕ್ಕೆ ಮುದ್ರೆ ಹಾಕೆಂದ ಹಾಗೆ. ಬೇಡ ಎನ್ನಲು ನಾಲಿಗೆ ಏಳದು. ಕೊನೆಗೆ ಗಂಟೆ ಬಾರಿಸದೆ ಹಗ್ಗ ಬಿಟ್ಟು, ಮಗು ನನ್ನ ಜೊತೆ ಮಾತಾಡಲಿ ಎಂದಷ್ಟೇ ಹೇಳಿ ಬಂದಳು.

ಶುಹೇಗೆ ಅಂದು ಬೆಳಗಿನ ಪಾಳಿ, ಮೂರಕ್ಕೇ ಮನೆಯಲ್ಲಿದ್ದ. ಶಿಯೋರಿ ಶಾಲೆಯಿಂದ ಬರುವ ಮೊದಲು ತೊಮೊಯೆ ಹಾಳೆಯನ್ನು ಅವನ ಮುಂದಿಟ್ಟು ಎಲ್ಲ ಹೇಳಿದಳು. ಅವನು ಬಹಳ ಹೊತ್ತು ನೋಡಿದ.

"ಮೂವತ್ತು ತಲೇಲಿ ನಲವತ್ತೇಳು ಆಮೆ" ಎಂದ. "ನನ್ನ ಬಸ್ಸಿಗೆ ಎಂಟು ಗಂಟೆಗೆ ಹತ್ತಿಸೋ ಲೆಕ್ಕ ಇದ್ದಂಗಿದೆ."

ತೊಮೊಯೆಗೆ ಸಿಟ್ಟು ಬಂತು. ತಮಾಷೆ ಮಾಡುವ ಹೊತ್ತೇ ಇದು, ಇವಳು ಯಾಕೆ ಹೀಗೆ ಮಾಡಿದಳು, ನಾವೇನು ಹೊಡೆದೆವೇ ಬಡಿದೆವೇ ಎಂದು ಸಣ್ಣ ದನಿಯಲ್ಲೇ ಹರಿಹಾಯ್ದಳು. ಶುಹೇ ಹಾಳೆಯನ್ನು ಮಡಿಚಿ ಮೇಜಿನ ಮೇಲಿಟ್ಟ.

"ಅವಳಿಗೆ ನಿನ್ನ ಕಂಡ್ರೆ ಹೆದರಿಕೆ, ಅಮ್ಮ. ಈಚೆಗೆ ನನಗೂ ಅಷ್ಟೇ. ಮೆಟ್ಟಿಲು ಹತ್ತುವಾಗ ಒಂದು ಸಲ ನಿಂತು, ಯಾವ ಮಾತು ಆಡಬಾರದು ಅಂತ ನೆನೆಸಿಕೊಂಡು ಆಮೇಲೆ ಬಾಗಿಲು ತೆಗೀತೀನಿ."

ತೊಮೊಯೆ ಇಷ್ಟು ದಿನ ಆ ಮನೆಯಲ್ಲಿ ಹೆದರುವವಳು ತಾನೊಬ್ಬಳೇ ಎಂದುಕೊಂಡಿದ್ದಳು. ಉಳಿದವರು ತನಗೆ ಹೆದರಿದ್ದಾರೆಂಬುದು ಅವಳ ತಲೆಗೆ ಹೋಗಿಯೇ ಇರಲಿಲ್ಲ.

ಶಿಯೋರಿ ಬಂದಳು. ಚೀಲ ಇಳಿಸಿ, ಕೈ ತೊಳೆದು, ಗಂಟಲು ಮುಕ್ಕಳಿಸಿ ಬಂದು ಕೂತಳು. ಈ ಲೆಕ್ಕ ನನಗೆ ಹೇಳಿಕೊಡು ಎಂದು ಕೇಳಿ ಅವಳ ಬಾಯಿಂದಲೇ ಹೊರಡಿಸೋಣವೆಂದು ತೊಮೊಯೆ ದಾರಿಯಲ್ಲಿ ಯೋಚಿಸಿದ್ದಳು. ಎದುರಿಗೆ ಆ ಮುಖ ಕಂಡಾಗ, ಅದು ಇಲಿಗೆ ಬೋನು ಇಟ್ಟ ಹಾಗೆ ಎನ್ನಿಸಿತು. ಎರಡೂ ಲಕೋಟೆಗಳನ್ನು ಮೇಜಿನ ಮೇಲಿಟ್ಟು ನೇರವಾಗಿ ಹೇಳಿದಳು.

"ಇವೆರಡನ್ನೂ ನಾನು ಅದಲುಬದಲು ಮಾಡಿ ಇಟ್ಟುಬಿಟ್ಟಿದ್ದೆ, ಶಿಯೋರಿ. ತಪ್ಪು ನನ್ನದು."

ಅವಳು ಕುರ್ಚಿ ಹಿಂದೆ ಸರಿಸಿ ಎದ್ದು, ಓಡದೆ, ಮೆಲ್ಲಗೆ ನಡೆದು ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ತಿರುಗಿದ ಸದ್ದು ಕೇಳಿಸಿತು. ಆಮೇಲೆ ನಲ್ಲಿ ಬಿಟ್ಟ ಸದ್ದು.

ಅಂಥ ಬಾಗಿಲುಗಳ ಚಿಲಕವನ್ನು ಹೊರಗಿನಿಂದಲೂ ತೆಗೆಯಬಹುದು. ಗೀರಿನಲ್ಲಿ ಒಂದು ನಾಣ್ಯ ಹಾಕಿ ತಿರುಗಿಸಿದರೆ ಸಾಕು. ತೊಮೊಯೆ ಹತ್ತು ಯೆನ್ನಿನ ನಾಣ್ಯವೊಂದನ್ನು ಹಿಡಿದು ಬಾಗಿಲ ಮುಂದೆ ನೆಲದ ಮೇಲೆ ಕೂತಳು. ಒಳಗೆ ನೀರು ಸುರಿಯುತ್ತಲೇ ಇತ್ತು. ಬೇರೇನೂ ಕೇಳಿಸಲಿಲ್ಲ. ಅಳು ಕೇಳಿಸಿದ್ದರೆ ಎಷ್ಟೋ ವಾಸಿ ಎನ್ನಿಸಿತು. ನಾಣ್ಯವನ್ನು ಎರಡು ಸಲ ಗೀರಿನವರೆಗೆ ಒಯ್ದಳು. ಎರಡು ಸಲವೂ ಕೈ ಹಿಂದಕ್ಕೆ ತೆಗೆದಳು. ಒಂದು ಸಲ ತೆರೆದುಬಿಟ್ಟರೆ, ಇನ್ನು ಈ ಮಗುವಿಗೆ ಈ ಮನೆಯಲ್ಲಿ ಬಾಗಿಲೆಂಬುದೇ ಇರುವುದಿಲ್ಲ. ತೆರೆಯದೆ ಇದ್ದರೆ? ಶುಹೇ ಬಂದು ಅವಳ ಹಿಂದೆ ಗೋಡೆಗೆ ಒರಗಿ ನಿಂತ.

"ಶಿಯೋರಿ, ಅಲ್ಲಿದ್ದೀಯಾ? ಅದೊಂದು ಹೇಳು. ಮತ್ತೇನೂ ಬೇಡ" ಎಂದಳು ಕೊನೆಗೆ.

ನೀರು ನಿಂತಿತು. ಸ್ವಲ್ಪ ಹೊತ್ತಿಗೆ, "ಇದ್ದೀನಿ" ಎಂಬ ದನಿ ಬಂತು. ಬಾಗಿಲಿನ ಬುಡದಿಂದ ಬಂತು. ಅವಳೂ ಆ ಕಡೆ ನೆಲದ ಮೇಲೆಯೇ ಕೂತಿದ್ದಳು.

ತೊಮೊಯೆ ತಲೆಯನ್ನು ಬಾಗಿಲಿಗೆ ಆನಿಸಿದಳು. ಬೈಯುವುದಿಲ್ಲ, ಯಾವತ್ತೂ ಬೈದಿಲ್ಲವಲ್ಲ ಎಂದಳು.

"ಬೈದಿದ್ರೆ ಆಗ್ತಿತ್ತು" ಎಂದಿತು ಆ ಕಡೆಯ ದನಿ. "ಐವತ್ತೆರಡು ಬಂದ ದಿನ ನೀನು ಮಾತೇ ಆಡ್ಲಿಲ್ಲ. ಪಾತ್ರೆ ತೊಳೀತಾನೇ ಇದ್ದೆ. ತೊಳೆದಿದ್ದನ್ನೇ ತೆಗೆದು ಮತ್ತೆ ತೊಳೆದೆ. ನಾನು ಲೆಕ್ಕ ಹಾಕ್ದೆ. ಒಂದೇ ಬಟ್ಟಲನ್ನ ನಾಲ್ಕು ಸಲ."

ತೊಮೊಯೆಗೆ ಆ ಬಟ್ಟಲು ನೆನಪಿರಲಿಲ್ಲ. ಆ ಸಂಜೆ ತಾನು ಶಾಂತವಾಗಿದ್ದೆನೆಂದೇ ಇಲ್ಲಿಯವರೆಗೆ ತಿಳಿದಿದ್ದಳು.

ಮಿಕ್ಕದ್ದೆಲ್ಲ ಚೂರುಚೂರಾಗಿ ಬಂತು. ಅಮ್ಮ ಮನೆಯಲ್ಲಿಲ್ಲದಾಗ ಅಕ್ಕಿ ಡಬ್ಬ ಸರಿಸಿ, ಮೊದಲ ಸಲ ಎರಡೇ ಉತ್ತರ ನೋಡಿಕೊಂಡಿದ್ದಳಂತೆ. ಬೆಳಿಗ್ಗೆ ಅಮ್ಮ ಮೊಟ್ಟೆ ಸುರುಳಿ ಮಾಡಿ, ಹಾಡು ಗುನುಗುತ್ತ ಬಡಿಸಿದ್ದಳಂತೆ. ಇನ್ನು ಮೇಲೆ ನೋಡಬಾರದು ಎಂದುಕೊಂಡರೆ, ಕಡಿಮೆ ಬಂದರೆ ಗೊತ್ತಾಗಿಬಿಡುತ್ತದೆ ಎಂಬ ಭಯ. ಮೂವತ್ತಕ್ಕಿಂತ ಹೆಚ್ಚು ಆಮೆ ಇರಲಾರದೆಂದು ಬರೆಯುವಾಗ ಗೊತ್ತಾಗಲಿಲ್ಲವೇ ಎಂದು ಶುಹೇ ಮೆಲ್ಲಗೆ ಕೇಳಿದ. ಪ್ರಶ್ನೆ ಓದಿರಲಿಲ್ಲ ಎಂದಳು. ಈಚೆಗೆ ಪ್ರಶ್ನೆ ಓದಿದರೆ ಅಕ್ಷರಗಳು ಅಲ್ಲಾಡಿದ ಹಾಗೆ ಕಾಣುತ್ತವಂತೆ.

ಚಿಲಕವನ್ನು ಒಳಗಿನಿಂದ ಅವಳೇ ತೆಗೆದಳು. ತೋಳಿನವರೆಗೆ ಅಂಗಿ ಒದ್ದೆಯಾಗಿತ್ತು. ತೊಮೊಯೆ ಅವಳನ್ನು ಹಿಡಿದುಕೊಂಡಾಗ ಮೂಳೆಗಳು ಕೈಗೆ ಸಿಕ್ಕವು. ಇಷ್ಟು ತೆಳ್ಳಗಾದದ್ದು ಯಾವಾಗ ಎಂದು ದಿಗಿಲಾಯಿತು.

ಮರುದಿನ ಮೇಷ್ಟ್ರಿಗೆ ಹೇಳಬೇಕಾಯಿತು. ಹೇಳು, ಆದರೆ ಆಗ ನಾನು ಅಲ್ಲಿರುವುದಿಲ್ಲ ಎಂದು ಶಿಯೋರಿಯೇ ಒಪ್ಪಿದ್ದಳು. ಹಿರುಕಾವಾ ಮೇಷ್ಟ್ರು ಕೋಪ ಮಾಡಿಕೊಳ್ಳಲಿಲ್ಲ. ಮಿಠಾಯಿಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದರು.

"ಪ್ರತಿ ವರ್ಷ ಮೂರ್ನಾಲ್ಕು ಮಕ್ಕಳು ಹೀಗೆ ಮಾಡ್ತಾರೆ, ತಾಯಿ. ಅಮ್ಮಂದಿರು ಬಂದು ಹೇಳೋದು ಮಾತ್ರ ಅಪರೂಪ" ಎಂದರು. ಆಮೇಲೆ ಗೆರೆ ಎಳೆದಿದ್ದ ಹೆಸರಿನ ಪಕ್ಕದಲ್ಲಿ ಹೊಳೆಯಾಚೆಯ ಶಾಲೆಯ ಹೆಸರನ್ನು ಮತ್ತೆ ಬರೆದರು. ಒಂದನೇ ತಾರೀಕು ಬೆಟ್ಟದ ಶಾಲೆ, ಎರಡನೇ ತಾರೀಕು ಹೊಳೆಯಾಚೆ; ನಾಲ್ಕನೇ ತಾರೀಕಿನದನ್ನು ಬಿಟ್ಟುಬಿಟ್ಟರು. ಅದಾದರೂ ಸುಲಭವಲ್ಲ, ಐವರಲ್ಲಿ ಇಬ್ಬರಿಗೆ ಸಿಗುವುದಿಲ್ಲ ಎಂದು ಎಚ್ಚರಿಸಿದರು. ಎರಡೂ ಕೈಬಿಟ್ಟರೆ ಮನೆಯ ಹತ್ತಿರದ ಸರ್ಕಾರಿ ಶಾಲೆ. ಅಲ್ಲಿ ಮಕ್ಕಳು ಓದುವುದಿಲ್ಲವೇ? ಓದುತ್ತಾರೆ. ಆದರೆ ಮೂರು ವರ್ಷ ಆಟ ಬಿಟ್ಟು ಕೂತ ಮಗುವಿಗೆ, ನೀನು ಎಲ್ಲಿಗೂ ಬೇಡವಾದೆ ಎಂದು ಎರಡೆರಡು ಸಲ ಹೇಳಿಸಿಕೊಂಡು ಹೋಗಬೇಕಾದ ದಾರಿ ಅದು. ತೊಮೊಯೆಯ ಭಯವೆಲ್ಲ ಈಗ ಅಲ್ಲಿ ಬಂದು ನಿಂತಿತು.

ಆಮೇಲಿನ ದಿನಗಳಲ್ಲಿ ತಿದ್ದುವ ಕೆಲಸ ಶಿಯೋರಿಯದಾಯಿತು. ಲಕೋಟೆಗಳು ಮೇಜಿನ ಮೇಲೆಯೇ ಇದ್ದವು. ಐವತ್ತೈದು ಬಂತು, ನಲವತ್ತೊಂಬತ್ತು ಬಂತು, ಒಮ್ಮೆ ಅರವತ್ತಮೂರು. ತೊಮೊಯೆ ಐದಕ್ಕೆ ಏಳುವುದನ್ನು ಬಿಡಲಿಲ್ಲ. ನೀರಿಟ್ಟು, ಒಂದು ಲೆಕ್ಕ ಮಾಡಿ, ಮಗಳು ಎದ್ದ ಮೇಲೆ ಅವಳ ಕೈಗೆ ಕೊಡುತ್ತಿದ್ದಳು. ಶಿಯೋರಿ ಗಂಭೀರವಾಗಿ ಗೀಟು ಹಾಕಿ, "ಏನಮ್ಮ ಇದು, ಈ ಕೊಳದಲ್ಲಿ ಅರ್ಧ ಕೊಕ್ಕರೆ ನಿಂತಿದೆ" ಎನ್ನುತ್ತಿದ್ದಳು. ಹಾಗೆ ಅಂದ ದಿನ ತೊಮೊಯೆಗೆ ಕೆಲಸಕ್ಕೆ ಹೋಗುವಾಗ ಉಸಿರು ಸ್ವಲ್ಪ ಸಲೀಸಾಗಿ ಆಡುತ್ತಿತ್ತು. ಆದರೂ ಅಂಕ ಕೇಳುವಾಗ ತನ್ನ ಮುಖದಲ್ಲಿ ಏನು ಕಾಣಿಸುತ್ತದೆಯೋ ಎಂಬ ಹೆದರಿಕೆಯಿಂದ, ಬೆನ್ನು ತಿರುಗಿಸಿ ಸಾರು ಕದಡುತ್ತಿದ್ದಳು. ಹಾಗೆ ಬೆನ್ನು ತಿರುಗಿಸಿದ್ದೂ ಮಗುವಿಗೆ ಕಾಣುತ್ತದೆ ಎಂದು ನೆನಪಾಗಿ ಮತ್ತೆ ಈ ಕಡೆ ತಿರುಗುತ್ತಿದ್ದಳು.

ಫೆಬ್ರವರಿ ಒಂದರ ಬೆಳಿಗ್ಗೆ ಆಕಾಶ ಸ್ವಚ್ಛವಾಗಿತ್ತು. ತಾಯಿ, ಮಗಳು ಬೆಟ್ಟ ಹತ್ತಿದರು. ಗೇಟಿನ ಎರಡೂ ಬದಿಗೆ ಟ್ಯೂಷನ್ನಿನ ಮೇಷ್ಟ್ರುಗಳು ಸಾಲಾಗಿ ನಿಂತು, ತಮ್ಮ ತಮ್ಮ ಮಕ್ಕಳ ಕೈಹಿಡಿದು ಕಳಿಸುತ್ತಿದ್ದರು. ಹಿರುಕಾವಾ ಮೇಷ್ಟ್ರು ಶಿಯೋರಿಯ ಎರಡೂ ಕೈ ಹಿಡಿದು, ಪ್ರಶ್ನೆ ಎರಡು ಸಲ ಓದು ಎಂದರು. ಶಿಯೋರಿ ಒಳಗೆ ಹೋದಳು. ಹಿಂತಿರುಗಿ ನೋಡಲಿಲ್ಲ.

ತಾಯ್ತಂದೆಯರಿಗೆ ವ್ಯಾಯಾಮದ ಹಜಾರದಲ್ಲಿ ಕುರ್ಚಿ ಹಾಕಿದ್ದರು. ಮುನ್ನೂರು ಜನರಿದ್ದರೂ ಒಂದು ಪಿಸುಮಾತಿಲ್ಲ. ಮುಂದಿನ ಸಾಲಿನ ಹೆಂಗಸು ಜಪಮಣಿ ಉರುಳಿಸುತ್ತಿದ್ದಳು. ಪಕ್ಕದ ಗಂಡಸು ತೆರೆದ ಪುಸ್ತಕದ ಒಂದೇ ಪುಟವನ್ನು ನಾಲ್ಕು ಗಂಟೆ ಹಿಡಿದಿದ್ದ. ತೊಮೊಯೆ ಏನನ್ನೂ ಬೇಡಲಿಲ್ಲ. ಅಕ್ಷರ ಅಲ್ಲಾಡದಿರಲಿ ಎಂದು ಮಾತ್ರ ಹೇಳಿಕೊಂಡಳು. ಅದನ್ನೇ ಎಷ್ಟು ಸಲ ಹೇಳಿಕೊಂಡಳೋ.

ಫಲಿತಾಂಶ ಸಂಜೆ ಐದಕ್ಕೆ ಫೋನಿನಲ್ಲಿ ಬಂತು. ತಾನೇ ನೋಡುತ್ತೇನೆಂದು ಶಿಯೋರಿ ಫೋನು ಇಸಿದುಕೊಂಡಳು. ಅವಳ ಸಂಖ್ಯೆ ಇನ್ನೂರ ಹದಿನೆಂಟು. ಇನ್ನೂರ ಹದಿನಾರು ಇತ್ತು. ಅದರ ಕೆಳಗೆ ಇನ್ನೂರ ಇಪ್ಪತ್ತೊಂದು ಇತ್ತು.

"ಇಲ್ಲ" ಎಂದು ಹೇಳಿ ಫೋನನ್ನು ತಾಯಿಯ ಕೈಗೆ ವಾಪಸು ಕೊಟ್ಟಳು. ತೊಮೊಯೆ ಕಟ್ಟೆಯ ಕಡೆಗೆ ಹೋಗಲಿಲ್ಲ. ಪಾತ್ರೆ ಮುಟ್ಟಲಿಲ್ಲ. ಮಗಳ ಪಕ್ಕದಲ್ಲೇ, ಕಾಲು ಕಾಯಿಸುವ ತಗ್ಗು ಮೇಜಿನ ಹೊದಿಕೆಯೊಳಗೆ ಕಾಲು ಚಾಚಿ ಕೂತಳು. ಶಿಯೋರಿ ಅತ್ತಳು. ಎರಡು ಜಡೆಯ ಆ ಹುಡುಗಿ ಈಗ ಯಾವ ತರಗತಿಯಲ್ಲಿರಬಹುದು ಎಂದು ಕೇಳಿದಳು. ಶುಹೇ ಕಿತ್ತಳೆ ಸುಲಿದು ಸುಲಿದು ಅವಳ ಮುಂದೆ ಗುಡ್ಡೆ ಹಾಕಿದ. ಮೂರು ತೊಳೆ ತಿಂದಳು. ಆಮೇಲೆ ಮಾತಿನ ನಡುವೆಯೇ ತಲೆ ವಾಲಿ, ಬಾಯಿ ಸ್ವಲ್ಪ ತೆರೆದುಕೊಂಡು, ನಿದ್ದೆ ಹೋದಳು.

ಆರೂ ಮುಕ್ಕಾಲಿಗೆ ಕರೆಗಂಟೆ ಬಾರಿಸಿತು. ಬಾಗಿಲಲ್ಲಿ ಹಿರುಕಾವಾ ಮೇಷ್ಟ್ರು. ಸೈಕಲ್ಲು ತುಳಿದು ಬಂದಿದ್ದರು, ಕಿವಿ ಕೆಂಪಾಗಿದ್ದವು. ತಾವೂ ಪಟ್ಟಿ ನೋಡಿದ್ದಾಗಿ ಹೇಳಿದರು. ನಾಳೆಯದು ಕೈಬಿಡಬಾರದು, ಹೊಳೆಯಾಚೆಯ ಶಾಲೆಯ ಪತ್ರಿಕೆಯ ಜಾಡು ನನಗೆ ಇಪ್ಪತ್ತು ವರ್ಷದಿಂದ ಗೊತ್ತು, ಈ ಸಲ ಬರುವಂಥ ಲೆಕ್ಕಗಳನ್ನು ಆರಿಸಿ ತಂದಿದ್ದೇನೆ ಎಂದು ಎದೆಗೆ ಅವುಚಿದ್ದ ಚೀಲ ತೋರಿಸಿದರು. ಟ್ಯೂಷನ್ನಿನ ಕೋಣೆಯನ್ನು ಬೆಚ್ಚಗೆ ಮಾಡಿಸಿಟ್ಟಿದ್ದರು. ಬೇರೆ ಮಕ್ಕಳಿಲ್ಲ, ಅವರೊಬ್ಬರೇ ಕೂತು ಹೇಳಿಕೊಡುತ್ತಾರೆ, ಏನೂ ಕೊಡಬೇಕಾಗಿಲ್ಲ.

"ಎರಡೇ ಗಂಟೆ, ತಾಯಿ. ಎರಡು ಗಂಟೆ ಅಂದ್ರೆ ಹತ್ತು ಅಂಕ. ಹತ್ತು ಅಂಕ ಅಂದ್ರೆ ನಾಳೆ ಅವಳ ನಂಬರು ಇರುತ್ತೆ" ಎಂದರು.

ಅವರು ಹೇಳಿದ್ದು ನಿಜ. ಈ ಮನುಷ್ಯ ಸುಳ್ಳು ಆಸೆ ಹುಟ್ಟಿಸುವವರಲ್ಲ. ನಾಳೆ ಸಂಜೆ ಇನ್ನೊಂದು ಪಟ್ಟಿ, ಅದರಲ್ಲೂ ಎರಡು ಸಂಖ್ಯೆಗಳ ನಡುವೆ ಮಗಳಿಲ್ಲದ ಜಾಗ. ಅದು ಈಗಲೇ ಕಣ್ಣಿಗೆ ಕಟ್ಟಿತು. ಎಬ್ಬಿಸಿ ಕೇಳಿಬಿಡೋಣ, ಅವಳೇ ಹೇಳಲಿ ಎಂದು ಒಳಗೆ ಎರಡು ಹೆಜ್ಜೆ ಇಟ್ಟಳು.

ಶಿಯೋರಿ ಹಾಗೆಯೇ ಮಲಗಿದ್ದಳು. ಕೆನ್ನೆಯ ಮೇಲೆ ಹೊದಿಕೆಯ ಮಡಿಕೆಯ ಗುರುತು ಮೂಡಿತ್ತು. ಈಗ ಭುಜ ಮುಟ್ಟಿದರೆ ಕಣ್ಣು ಬಿಡುತ್ತಾಳೆ. ಬಿಟ್ಟ ಕೂಡಲೇ ನೋಡುವುದು ಮೇಷ್ಟ್ರನ್ನಲ್ಲ, ಚೀಲವನ್ನಲ್ಲ, ತನ್ನ ಮುಖವನ್ನು. ಅಲ್ಲಿರುವ ಭಯವನ್ನು ಓದಿಕೊಂಡು, ಹೋಗ್ತೀನಿ ಅಮ್ಮ ಎನ್ನುತ್ತಾಳೆ. ಎಷ್ಟು ಹೊತ್ತು ನಿಂತರೂ ತೊಮೊಯೆಗೆ ಆ ಭಯವನ್ನು ಮುಖದಿಂದ ತೆಗೆಯಲಾಗಲಿಲ್ಲ.

ಅವಳು ಬಾಗಿಲಿಗೆ ವಾಪಸು ಬಂದು, ಸೊಂಟ ಬಾಗಿಸಿ, ಬಹಳ ಹೊತ್ತು ತಲೆ ತಗ್ಗಿಸಿಯೇ ಇದ್ದಳು.

"ಇಷ್ಟು ಚಳಿಯಲ್ಲಿ ಬಂದಿದ್ದೀರಿ, ನಿಮ್ಮ ಋಣ ದೊಡ್ಡದು" ಎಂದಳು. "ಮಲಗಿದ್ದಾಳೆ, ಮೇಷ್ಟ್ರೇ. ನಾನು ಎಬ್ಬಿಸೋದಿಲ್ಲ."